ಬೀಗದ ಕೈ ಯಾರ ಕೈಯಲ್ಲಿ?



ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಆಡುತ್ತ ಬಂದವರು ನಾವು. ಹಿಂದೂಪುರದ ಮಂಡಿಯಲ್ಲಿ ಬೆಲ್ಲ, ಹುಣಿಸೆಹಣ್ಣು ಮಾರಿದ ಹಣ, ಕಲ್ಯಾಣದುರ್ಗದ ಕಡೆ ಕಡಲೆಕಾಯಿ ಮಾರಿದ ಹಣ, ಕೈಯಿಂದ ಕೈಗೆ ಬರುವುದನ್ನು ಎಣಿಸಿ ನೋಡಿದವರು ನಾವು. ಈಗ ಅದೇ ಊರುಗಳ ಹುಡುಗರ ಕೈಯ ಮೊಬೈಲಿನಲ್ಲಿ ಇನ್ನೊಂದು ಬಗೆಯ ಹಣದ ಮಾತು ಕೇಳಿಬರುತ್ತಿದೆ. ಅದಕ್ಕೆ ನೋಟಿಲ್ಲ, ನಾಣ್ಯವಿಲ್ಲ, ಅಚ್ಚು ಹಾಕಿದ ಸರ್ಕಾರವಿಲ್ಲ. ಹೆಸರು ಬಿಟ್‌ಕಾಯಿನ್, ಅದರ ಕುಲಕ್ಕೆಲ್ಲ ಕ್ರಿಪ್ಟೋ ಕರೆನ್ಸಿ ಎನ್ನುತ್ತಾರೆ. ಈ ಹಣವನ್ನು ಕಳ್ಳರು ಹೇಗೆ ಕದಿಯುತ್ತಾರೆ, ಅದನ್ನು ಕಾಯುವುದು ಏಕೆ ಇಷ್ಟು ಕಷ್ಟ ಎಂಬುದೇ ಇಂದಿನ ವಿಷಯ. ವಿಷಯ ಹೊಸದು. ಆದರೆ ಅದರೊಳಗಿನ ಪ್ರಶ್ನೆ ಹಳೆಯದು. ಸಂಪತ್ತು ಎಲ್ಲಿದೆ ಎಂಬುದಕ್ಕಿಂತ, ಅದರ ಬೀಗದ ಕೈ ಯಾರ ಕೈಯಲ್ಲಿದೆ ಎಂಬುದೇ ಆ ಪ್ರಶ್ನೆ. ಆದ್ದರಿಂದ ಹಳೆಯ ಕಾಲದಿಂದಲೇ ಪ್ರಾರಂಭಿಸೋಣ.

ವಿಜಯನಗರ ಕಾಲದ ದಾನಶಾಸನಗಳನ್ನು ಓದಿದವರಿಗೆ ಒಂದು ಮಾತು ಪರಿಚಿತ. ಗ್ರಾಮವನ್ನು ದಾನ ಕೊಡುವಾಗ ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷಿಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಎಂಟು ಹಕ್ಕುಗಳ ಸಮೇತ ಕೊಡುತ್ತಿದ್ದರು. ಇವನ್ನೇ ಅಷ್ಟಭೋಗ ಎಂದರು. ಆ ಎಂಟರಲ್ಲಿ ಮೊದಲ ಎರಡೂ ನೆಲದಲ್ಲಿ ಅಡಗಿದ ಸಂಪತ್ತಿಗೆ ಸಂಬಂಧಿಸಿದವು. ಅಂದರೆ ಹೊನ್ನನ್ನು ಹೂತಿಡುವುದು ಅಂದು ಎಷ್ಟು ಸಾಮಾನ್ಯವಾಗಿತ್ತೆಂದರೆ, ಅದಕ್ಕೆ ಶಾಸನದಲ್ಲಿಯೇ ಒಂದು ಜಾಗವಿತ್ತು. ಹೊನ್ನಿರಲಿ, ಧಾನ್ಯವನ್ನೂ ನಾವು ನೆಲದಲ್ಲಿ ಇಟ್ಟವರು. ಕನ್ನಡದಲ್ಲಿ ಹಗೇವು, ತೆಲುಗಿನಲ್ಲಿ ಪಾತರ. ಬಾಯಿ ಮುಚ್ಚಿ ಮಣ್ಣು ಹಾಕಿದರೆ ಮೇಲೆ ನಡೆದಾಡುವವನಿಗೆ ಕೆಳಗೆ ಜೋಳವಿದೆ ಎಂದು ತಿಳಿಯದು.

ನೆಲ ಒಳ್ಳೆಯ ತಿಜೋರಿ. ಅದಕ್ಕೆ ಬೀಗ ಬೇಡ, ಗುಟ್ಟೇ ಅದರ ಬೀಗ. ಆದರೆ ಗುಟ್ಟು ಬಲ್ಲವನು ಹೇಳದೆ ಸತ್ತರೆ? ಹೊನ್ನು ಅಲ್ಲಿಯೇ ಇರುತ್ತದೆ, ಮಕ್ಕಳು ಅದರ ಮೇಲೆಯೇ ಉಳುತ್ತ ಬಡವರಾಗಿ ಬಾಳುತ್ತಾರೆ. ಹೀಗೆ ಯಜಮಾನನಿಲ್ಲದೆ ಉಳಿದ ನಿಕ್ಷೇಪಗಳು ನಾಡಿನಲ್ಲಿ ಎಷ್ಟೋ ಇದ್ದುದರಿಂದಲೇ ಬ್ರಿಟಿಷ್ ಸರ್ಕಾರ 1878ರಲ್ಲಿ ನಿಧಿ ಕಾಯಿದೆಯನ್ನು ತಂದಿತು. ಹತ್ತು ರೂಪಾಯಿಗೆ ಮಿಕ್ಕಿದ ನಿಧಿ ಸಿಕ್ಕಿದರೆ ಕಲೆಕ್ಟರರಿಗೆ ತಿಳಿಸಲೇಬೇಕು ಎಂದು ಅದು ಹೇಳಿತು. ನಿಧಿಯಾಸೆಗೆ ಹಳೆಯ ಗುಡಿಗಳ ಕಲ್ಲು ಕಿತ್ತವರ ಕಥೆಯನ್ನು ನಮ್ಮ ಸೀಮೆಯವರಿಗೆ ಹೇಳಬೇಕಾಗಿಲ್ಲ.

ಗುಟ್ಟಿನ ಮಾತಾಯಿತು. ಇನ್ನು ನಂಬಿಕೆಯ ಮಾತು. ಹಿಂದೂಪುರದ ಮಗ್ಗುಲಲ್ಲೇ ಲೇಪಾಕ್ಷಿ ಇದೆ. ಅಲ್ಲಿಯ ವೀರಭದ್ರ ದೇವಾಲಯವನ್ನು ಹದಿನಾರನೆಯ ಶತಮಾನದಲ್ಲಿ, ಅಚ್ಯುತರಾಯನ ಕಾಲದಲ್ಲಿ, ವಿರುಪಣ್ಣ ಮತ್ತು ಅವನ ಸಹೋದರ ವೀರಣ್ಣ ಕಟ್ಟಿಸಿದರು. ವಿರುಪಣ್ಣ ರಾಯರ ಖಜಾನೆಯ ಅಧಿಕಾರಿ. ದೊರೆಯ ಅಪ್ಪಣೆಯಿಲ್ಲದೆ ಬೊಕ್ಕಸದ ಹಣವನ್ನು ಗುಡಿಗೆ ಸುರಿದನೆಂಬ ಆರೋಪ ಬಂತು, ಕಣ್ಣು ಕೀಳಿಸಲು ಆಜ್ಞೆಯಾಯಿತು, ಆತ ತಾನೇ ಕಣ್ಣು ಕಿತ್ತು ಗೋಡೆಗೆ ಎಸೆದ ಎಂಬುದು ಐತಿಹ್ಯ. ಗೋಡೆಯ ಮೇಲಿನ ಎರಡು ಕೆಂಪು ಕಲೆಗಳನ್ನು ಇಂದಿಗೂ ತೋರಿಸುತ್ತಾರೆ. ಇದು ಜನ ಹೇಳುವ ಕಥೆ, ದಾಖಲೆಯಲ್ಲ. ಆದರೆ ಜನ ಇದನ್ನು ಮರೆಯದಿರಲು ಕಾರಣವಿದೆ. ಅಲ್ಲಿ ಕೋಟೆ ಮುರಿದವರಿಲ್ಲ, ಬೀಗ ಒಡೆದವರಿಲ್ಲ. ಹಣ ಹೋದದ್ದು ಬೀಗದ ಕೈ ಇದ್ದವನ ಕೈಯಿಂದಲೇ. ಅದು ಪುಣ್ಯಕ್ಕೆ ಹೋಯಿತೋ ಪಾಪಕ್ಕೆ ಹೋಯಿತೋ, ಲೆಕ್ಕದಲ್ಲಿ ಮಾತ್ರ ಕಡಿಮೆಯಾಯಿತು.

ಇಂಥ ಅನುಭವಗಳಿಂದ ನಮ್ಮವರು ಮೂರು ಪಾಠ ಕಲಿತರು. ಮೊದಲನೆಯದು, ಒಂದೇ ಕೈಗೆ ಬೀಗದ ಕೈ ಕೊಡಬಾರದು. ಸರ್ಕಾರಿ ಖಜಾನೆಯ ಭದ್ರ ಕೋಣೆಗೆ ಎರಡು ಬೀಗ, ಇಬ್ಬರು ಅಧಿಕಾರಿಗಳ ಬಳಿ ಬೇರೆ ಬೇರೆ ಬೀಗದ ಕೈ. ಬ್ಯಾಂಕಿನ ಲಾಕರ್ ತೆರೆಯಲು ಬ್ಯಾಂಕಿನದೊಂದು, ನಮ್ಮದೊಂದು. ಎರಡನೆಯದು, ಕಳೆದದ್ದಕ್ಕೆ ಬದಲಿ ಇರಬೇಕು. ಹಿಂದೆ ದೊಡ್ಡ ಪೇಟೆಗಳ ಸಾಹುಕಾರರು ದೂರದ ಊರಿಗೆ ಹಣ ಕಳಿಸಲು ಹುಂಡಿ ಬರೆಯುತ್ತಿದ್ದರು. ದಾರಿಯಲ್ಲಿ ಹುಂಡಿ ಕಳೆದರೆ ‘ಪೇಠ್’ ಎಂಬ ಎರಡನೆಯ ಪ್ರತಿ, ಅದೂ ಕಳೆದರೆ ‘ಪರಪೇಠ್’ ಎಂಬ ಮೂರನೆಯ ಪ್ರತಿ ಬರೆದುಕೊಡುವ ಪದ್ಧತಿಯಿತ್ತು. ‘ಶಾಹಜೋಗ’ ಹುಂಡಿಯ ಹಣವನ್ನು ಪೇಟೆಯಲ್ಲಿ ಮಾನ್ಯನಾದ ಸಾಹುಕಾರನ ಮೂಲಕವಲ್ಲದೆ ಕೊಡುತ್ತಿರಲಿಲ್ಲ. ಕದ್ದವನಿಗೆ ಕಾಗದ ಸಿಕ್ಕರೂ ಹಣ ಸಿಗುವುದು ಕಷ್ಟ. ಮೂರನೆಯದು, ತಪ್ಪಾದರೆ ದೂರು ಹೇಳಲು ಒಂದು ಬಾಗಿಲು ಇರಬೇಕು. ಪಂಚಾಯಿತಿಯೋ, ಕಚೇರಿಯೋ, ನ್ಯಾಯಾಲಯವೋ, ಯಾವುದಾದರೂ ಒಂದು.

ಈಗ ಹೊಸ ಹಣಕ್ಕೆ ಬರೋಣ. 2008ರ ಅಕ್ಟೋಬರ್ 31ರಂದು ಸತೋಶಿ ನಕಮೊಟೊ ಎಂಬ ಹೆಸರಿನಲ್ಲಿ ಒಂಬತ್ತು ಪುಟಗಳ ಒಂದು ಪ್ರಬಂಧ ಹೊರಬಂತು. ಆ ಹೆಸರಿನ ಹಿಂದೆ ಇರುವವರು ಯಾರೆಂದು ಇಂದಿಗೂ ಸಾಬೀತಾಗಿಲ್ಲ. ಮರುವರ್ಷ ಜನವರಿಯಲ್ಲಿ ಬಿಟ್‌ಕಾಯಿನ್ ಚಾಲನೆಗೆ ಬಂತು. ಅದರ ಯುಕ್ತಿ ಇಷ್ಟು: ಒಂದು ದೊಡ್ಡ ಖಾತೆಪುಸ್ತಕ. ಅದು ಒಬ್ಬ ಶಾನುಭೋಗನ ಬಳಿ ಇಲ್ಲ. ಲೋಕದ ಸಾವಿರಾರು ಕಂಪ್ಯೂಟರುಗಳಲ್ಲಿ ಅದರ ಪ್ರತಿ ಇದೆ. ಸುಮಾರು ಹತ್ತು ನಿಮಿಷಕ್ಕೊಮ್ಮೆ ಹೊಸ ಪುಟ ಸೇರುತ್ತದೆ. ಯಾರು ಬೇಕಾದರೂ ಓದಬಹುದು, ಹಿಂದಿನ ಸಾಲನ್ನು ಮಾತ್ರ ಯಾರೂ ಅಳಿಸಲಾರರು. ಒಟ್ಟು 2 ಕೋಟಿ 10 ಲಕ್ಷ ನಾಣ್ಯಗಳಿಗಿಂತ ಹೆಚ್ಚು ಹುಟ್ಟಲಾರವು.

ಹಾಗಾದರೆ ಈ ನಾಣ್ಯ ನನ್ನದೆಂದು ಹೇಳುವುದು ಹೇಗೆ? ಅದಕ್ಕೊಂದು ಗುಪ್ತ ಕೀಲಿ ಇದೆ. ಅದು ಲೋಹದ್ದಲ್ಲ, ಸುಮಾರು 78 ಅಂಕಿಗಳಷ್ಟು ಉದ್ದವಾಗಬಹುದಾದ ಒಂದು ಸಂಖ್ಯೆ. ಆ ಸಂಖ್ಯೆ ಬಲ್ಲವನೇ ಯಜಮಾನ. ಅಷ್ಟುದ್ದದ ಸಂಖ್ಯೆಯನ್ನು ಮನುಷ್ಯರು ನೆನಪಿಡಲಾರರಾದ್ದರಿಂದ 2013ರಲ್ಲಿ ಒಂದು ಉಪಾಯ ಮಾಡಿದರು. 2048 ಸಾಧಾರಣ ಪದಗಳ ಒಂದು ಪಟ್ಟಿ. ಅದರಿಂದ ಕಂಪ್ಯೂಟರು ಹೆಕ್ಕಿಕೊಡುವ 12 ಅಥವಾ 24 ಪದಗಳನ್ನು ಅನುಕ್ರಮವಾಗಿ ಬರೆದಿಟ್ಟುಕೊಂಡರೆ ಕೀಲಿಯನ್ನು ಮತ್ತೆ ಪಡೆಯಬಹುದು. ಡಿಜಿಟಲ್ ವ್ಯಾಲೆಟ್ ಎಂಬ ಮಾತು ಕೇಳಿದಾಗ ನಮ್ಮ ಹಿರಿಯರು ಸೊಂಟಕ್ಕೆ ಕಟ್ಟುತ್ತಿದ್ದ ಜಾಳಿಗೆ ನೆನಪಾಗುತ್ತದೆ. ಆದರೆ ಈ ಜಾಳಿಗೆಯಲ್ಲಿ ಹಣವಿರುವುದಿಲ್ಲ, ಕೀಲಿ ಮಾತ್ರ ಇರುತ್ತದೆ. ಹಣವಿರುವುದು ಆ ಖಾತೆಪುಸ್ತಕದ ಸಾಲಿನಲ್ಲಿ.

ಇಲ್ಲಿಯೇ ತೊಡಕು ಇರುವುದು. ಹಿರಿಯರು ಕಲಿತ ಮೂರು ಪಾಠಗಳಲ್ಲಿ ಒಂದನ್ನೂ ಈ ಹಣ ತಾನಾಗಿ ಪಾಲಿಸುವುದಿಲ್ಲ. ಕೀಲಿ ಸಾಮಾನ್ಯವಾಗಿ ಒಂದೇ ಕೈಯಲ್ಲಿ. ಕಳೆದರೆ ಎರಡನೆಯ ಪ್ರತಿ ಕೊಡುವ ಸಾಹುಕಾರನಿಲ್ಲ. ತಪ್ಪಿ ಹೋದ ಸಾಲನ್ನು ತಿದ್ದಿ ಎಂದು ಕೇಳಲು ಮ್ಯಾನೇಜರಿಲ್ಲ. ಗುಟ್ಟೇ ಬೀಗವಾಗಿದ್ದ ನಿಕ್ಷೇಪದ ಕಾಲಕ್ಕೆ ನಾವು ಮರಳಿದಂತಾಯಿತು. ವ್ಯತ್ಯಾಸ ಇಷ್ಟೇ, ಅಂದಿನ ಕಳ್ಳ ಗುದ್ದಲಿ ಹಿಡಿದು ನಮ್ಮ ಹೊಲಕ್ಕೇ ಬರಬೇಕಾಗಿತ್ತು. ಇಂದಿನವನು ಸಮುದ್ರದಾಚೆ ಕುಳಿತೇ ತೆಗೆಯುತ್ತಾನೆ.

ಇದೆಲ್ಲ ದೂರದ ದೇಶದ ಮಾತು ಎನ್ನಬೇಡಿ. ಕಲ್ಯಾಣದುರ್ಗದಿಂದ ಪಾವಗಡ, ಮಧುಗಿರಿ ಹಾದು ಹೋದರೆ ತುಮಕೂರು. ಭಾರತದ ಮೊದಮೊದಲ ಬಿಟ್‌ಕಾಯಿನ್ ವ್ಯಾಪಾರ ಸಂಸ್ಥೆಗಳಲ್ಲಿ ಒಂದಾದ ಯುನೊಕಾಯಿನ್ 2013ರಲ್ಲಿ ಹುಟ್ಟಿದ್ದು ಆ ತುಮಕೂರಿನ ನಂಟಿನಿಂದ. ನಾಲ್ಕೇ ವರ್ಷದಲ್ಲಿ, 2017ರಲ್ಲಿ, ಆ ಸಂಸ್ಥೆಯ 60ಕ್ಕೂ ಹೆಚ್ಚು ಬಿಟ್‌ಕಾಯಿನ್‌ಗಳು ಕಳುವಾದವೆಂದು ತುಮಕೂರಿನಲ್ಲಿ ದೂರು ದಾಖಲಾಯಿತು. ಅಂದಿನ ಬೆಲೆಯಲ್ಲಿ ಅದು ಒಂದು ಕೋಟಿಗೂ ಮಿಕ್ಕಿದ ಹಣ. ಕಡತ ವರ್ಷಗಟ್ಟಲೆ ಹಾಗೆಯೇ ಇತ್ತು.

2020ರ ನವೆಂಬರಿನಲ್ಲಿ ಬೆಂಗಳೂರಿನ ಅಪರಾಧ ವಿಭಾಗದ ಪೊಲೀಸರು ಮಾದಕ ವಸ್ತುವಿನ ಪ್ರಕರಣವೊಂದರಲ್ಲಿ ಶ್ರೀಕೃಷ್ಣ ಅಲಿಯಾಸ್ ಶ್ರೀಕಿ ಎಂಬ ಯುವಕನನ್ನು ಬಂಧಿಸಿದರು. ಕಂಪ್ಯೂಟರುಗಳಿಗೆ ಕನ್ನ ಹಾಕಿದ ಹಲವು ಆರೋಪಗಳು ಅವನ ಮೇಲೆ ಬಂದವು. 2019ರಲ್ಲಿ ಕರ್ನಾಟಕ ಸರ್ಕಾರದ ಇ-ಪ್ರೊಕ್ಯೂರ್‌ಮೆಂಟ್ ವ್ಯವಸ್ಥೆಯಿಂದ ಸುಮಾರು 11.5 ಕೋಟಿ ರೂಪಾಯಿ ಹೊರಹೋದ ಪ್ರಕರಣವೂ ಅವುಗಳಲ್ಲಿ ಒಂದು. 2021ರ ಜನವರಿಯಲ್ಲಿ ಪೊಲೀಸರು ಅವನಿಂದ 31 ಬಿಟ್‌ಕಾಯಿನ್‌ಗಳನ್ನು ವಶಪಡಿಸಿಕೊಂಡೆವೆಂದು ಪ್ರಕಟಿಸಿದರು. ಬೆಲೆ ಸುಮಾರು 9 ಕೋಟಿ. ಆದರೆ ಅದೇ ವರ್ಷ ನವೆಂಬರಿನಲ್ಲಿ ಪೊಲೀಸರೇ ಹೇಳಿದ ಪ್ರಕಾರ, ಆತ ತೋರಿಸಿದ ವ್ಯಾಲೆಟ್ ಆತನದಾಗಿರಲಿಲ್ಲ. ಅದರ ಗುಪ್ತ ಕೀಲಿಯೇ ಆತನ ಬಳಿ ಇರಲಿಲ್ಲ. ಕಳ್ಳನ ಮನೆಯಲ್ಲಿ ಪೆಟ್ಟಿಗೆ ಸಿಕ್ಕಿದರೆ ಒಡವೆ ಸಿಕ್ಕಂತೆ ಎಂಬುದು ಪೊಲೀಸರ ಹಳೆಯ ಲೆಕ್ಕ. ಇಲ್ಲಿ ಪೆಟ್ಟಿಗೆ ಕಾಣುತ್ತದೆ, ಒಳಗಿನ ಹಣವೂ ಕಾಣುತ್ತದೆ, ಕೀಲಿ ಇಲ್ಲದೆ ಮುಟ್ಟಲಾಗದು.

2023ರಲ್ಲಿ ಕರ್ನಾಟಕ ಸರ್ಕಾರ ವಿಶೇಷ ತನಿಖಾ ತಂಡ ರಚಿಸಿತು. 2024ರ ಜನವರಿಯಲ್ಲಿ ಆ ತಂಡ ಮೊದಲ ತನಿಖೆಯಲ್ಲಿದ್ದ ಒಬ್ಬ ಪೊಲೀಸ್ ಇನ್‌ಸ್ಪೆಕ್ಟರನ್ನೂ ಒಬ್ಬ ಖಾಸಗಿ ಕಂಪ್ಯೂಟರ್ ತಜ್ಞನನ್ನೂ ಬಂಧಿಸಿತು. ಅದೇ ವರ್ಷ ಮೇ ತಿಂಗಳಲ್ಲಿ ತುಮಕೂರಿನ 2017ರ ಹಳೆಯ ದೂರಿನ ಮೇಲೆ ಶ್ರೀಕಿಯ ಬಂಧನವಾಯಿತು. ಇವೆಲ್ಲ ಆರೋಪಗಳು, ತೀರ್ಪು ಹೇಳಬೇಕಾದದ್ದು ನ್ಯಾಯಾಲಯ. ಆದರೆ ಇಷ್ಟಂತೂ ಸ್ಪಷ್ಟವಾಯಿತು. ವಶಪಡಿಸಿಕೊಂಡದ್ದನ್ನು ಕಾಯುವವರ ಕೀಲಿಯನ್ನೂ ಕಾಯಲು ಒಂದು ವ್ಯವಸ್ಥೆ ಬೇಕು. ಲೇಪಾಕ್ಷಿಯ ಕಥೆ ಜನರ ನಾಲಗೆಯ ಮೇಲೆ ಉಳಿದದ್ದು ಸುಮ್ಮನೆ ಅಲ್ಲ.

ಒಂದೇ ಕೀಲಿ ಅಪಾಯ ಎಂದು ಈ ವ್ಯಾಪಾರದವರಿಗೂ ತಿಳಿಯದೆ ಇರಲಿಲ್ಲ. ಅವರೂ ಖಜಾನೆಯ ಜೋಡಿ ಬೀಗದ ದಾರಿ ಹಿಡಿದರು. ಹಲವರು ಸಹಿ ಮಾಡಿದರೆ ಮಾತ್ರ ಹಣ ಕದಲುವಂಥ ವ್ಯಾಲೆಟ್ ಮಾಡಿದರು. ಮುಂಬಯಿಯ ವಜೀರ್‌ಎಕ್ಸ್ ಎಂಬ ಸಂಸ್ಥೆಯ ಅಂಥ ಒಂದು ವ್ಯಾಲೆಟ್ಟಿಗೆ ಆರು ಮಂದಿ ಸಹಿದಾರರಿದ್ದರು. ಸಂಸ್ಥೆಯ ಐವರಲ್ಲಿ ಮೂವರು, ಹೊರಗಿನ ಕಾವಲು ಸಂಸ್ಥೆಯದೊಂದು, ಒಟ್ಟು ನಾಲ್ಕು ಸಹಿ ಬೇಕಿತ್ತು. ಆದರೂ 2024ರ ಜುಲೈ 18ರಂದು ಅದರಿಂದ ಸುಮಾರು 2,000 ಕೋಟಿ ರೂಪಾಯಿ ಬೆಲೆಯ ನಾಣ್ಯಗಳು ಹೋದವು. ಹೇಗೆ? ಸಹಿದಾರರು ಪರದೆಯ ಮೇಲೆ ಕಂಡದ್ದು ಒಂದು, ಸಹಿ ಬಿದ್ದದ್ದು ಇನ್ನೊಂದಕ್ಕೆ ಎಂದು ಸಂಸ್ಥೆ ಹೇಳಿತು. ಓದುಬರಹ ಬಾರದ ರೈತನಿಂದ ಬೇರೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡ ಹಳೆಯ ಮೋಸವೇ ಇದು. ಈ ಸಲ ಹೆಬ್ಬೆಟ್ಟು ಒತ್ತಿದವರು ಕಂಪ್ಯೂಟರ್ ಬಲ್ಲವರು, ಅಷ್ಟೇ. ಈ ಕಳವಿನ ಹಿಂದೆ ಉತ್ತರ ಕೊರಿಯಾ ಇದೆಯೆಂದು ಅಮೆರಿಕ, ಜಪಾನ್, ದಕ್ಷಿಣ ಕೊರಿಯಾ ಸರ್ಕಾರಗಳು 2025ರ ಜನವರಿಯಲ್ಲಿ ಜಂಟಿಯಾಗಿ ಹೇಳಿದವು. ಮರುತಿಂಗಳೇ ದುಬೈಯ ಬೈಬಿಟ್ ಸಂಸ್ಥೆಯಿಂದ ಸುಮಾರು 150 ಕೋಟಿ ಡಾಲರ್ ಇದೇ ಬಗೆಯಲ್ಲಿ ಹೋಯಿತು. ವಜೀರ್‌ಎಕ್ಸ್ ನಂಬಿದ ಸಾಮಾನ್ಯ ಜನ ತಮ್ಮ ಖಾತೆಯನ್ನು ಕಣ್ಣಿನಲ್ಲಿ ನೋಡುತ್ತ, ಕೈಯಿಂದ ಮುಟ್ಟಲಾರದೆ, ವರ್ಷಕ್ಕೂ ಮಿಕ್ಕಿ ಕಾದರು.

2025ರ ಜುಲೈ 19ರಂದು ಕಾಯಿನ್‌ಡಿಸಿಎಕ್ಸ್ ಎಂಬ ಇನ್ನೊಂದು ಸಂಸ್ಥೆಯ ಸರದಿ. ಹೋದದ್ದು 4 ಕೋಟಿ 40 ಲಕ್ಷ ಡಾಲರ್, ನಮ್ಮ ಲೆಕ್ಕದಲ್ಲಿ ಸುಮಾರು 379 ಕೋಟಿ ರೂಪಾಯಿ. ದೂರು ದಾಖಲಾದದ್ದು ಬೆಂಗಳೂರಿನಲ್ಲಿ. ಸಂಸ್ಥೆಯ ಒಬ್ಬ ನೌಕರನನ್ನು ಪೊಲೀಸರು ಬಂಧಿಸಿದರು. ಆತ ಕಚೇರಿಯ ಲ್ಯಾಪ್‌ಟಾಪಿನಲ್ಲಿ ಬೇರೆಯವರ ಬಿಡುವಿನ ಕೆಲಸ ಒಪ್ಪಿಕೊಂಡಿದ್ದ, ಆ ದಾರಿಯಲ್ಲಿ ಕಳ್ಳ ಪ್ರೋಗ್ರಾಂ ಒಳಹೊಕ್ಕಿರಬೇಕು ಎಂಬುದು ತನಿಖೆಯ ಮಾತು. ಗ್ರಾಹಕರ ನಾಣ್ಯಗಳು ಬೇರೆ ಕಡೆ ಇದ್ದುದರಿಂದ ಉಳಿದವು, ನಷ್ಟವನ್ನು ತಾನೇ ಭರಿಸುವುದಾಗಿ ಸಂಸ್ಥೆ ಹೇಳಿತು. ಉಳಿದದ್ದಕ್ಕೆ ಕಾರಣ ಕಿರಾಣಿ ಅಂಗಡಿಯವನಿಗೂ ಗೊತ್ತಿರುವ ಬುದ್ಧಿ. ದಿನದ ವ್ಯಾಪಾರಕ್ಕೆ ಬೇಕಾದಷ್ಟು ಗಲ್ಲಾಪೆಟ್ಟಿಗೆಯಲ್ಲಿ, ಮಿಕ್ಕದ್ದು ಒಳಮನೆಯ ತಿಜೋರಿಯಲ್ಲಿ. ಇಂಟರ್‌ನೆಟ್ಟಿಗೆ ಸದಾ ತೆರೆದಿರುವ ವ್ಯಾಲೆಟ್ಟಿಗೆ ಬಿಸಿ ವ್ಯಾಲೆಟ್ ಎಂದೂ, ಅದರಿಂದ ಬೇರ್ಪಡಿಸಿ ಇಟ್ಟದ್ದಕ್ಕೆ ತಣ್ಣನೆಯ ವ್ಯಾಲೆಟ್ ಎಂದೂ ಅವರ ಭಾಷೆ.

ಕಳ್ಳನೇ ಇಲ್ಲದೆ ಕಳೆದುಕೊಂಡವರೂ ಉಂಟು. ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ನ್ಯೂಪೋರ್ಟಿನಲ್ಲಿ ಜೇಮ್ಸ್ ಹೋವೆಲ್ಸ್ ಎಂಬವರ ಕೀಲಿ ಇದ್ದ ಕಂಪ್ಯೂಟರ್ ಭಾಗ 2013ರಲ್ಲಿ ಕಸದ ಗುಡ್ಡ ಸೇರಿತು. ಅದರಲ್ಲಿದ್ದದ್ದು ಸುಮಾರು 8,000 ಬಿಟ್‌ಕಾಯಿನ್‌ಗಳ ಕೀಲಿ. ಕಸ ಅಗೆಯಲು ಅನುಮತಿ ಕೇಳಿ ವರ್ಷಗಟ್ಟಲೆ ಹೋರಾಡಿದರು. 2025ರ ಜನವರಿಯಲ್ಲಿ ನ್ಯಾಯಾಲಯ ಅವರ ದಾವೆಯನ್ನು ತಳ್ಳಿಹಾಕಿತು. ಕೆನಡಾದ ಕ್ವಾಡ್ರಿಗಾ ಸಂಸ್ಥೆಯ ಸ್ಥಾಪಕ ಜೆರಾಲ್ಡ್ ಕಾಟನ್ 2018ರ ಡಿಸೆಂಬರಿನಲ್ಲಿ ನಮ್ಮ ದೇಶದ ಜೈಪುರದಲ್ಲಿ ತೀರಿಕೊಂಡರು. ಕೀಲಿ ಅವರೊಬ್ಬರಿಗೇ ಗೊತ್ತಿತ್ತು ಎಂದು ಹೇಳಲಾಯಿತು. 76,000ಕ್ಕೂ ಹೆಚ್ಚು ಗ್ರಾಹಕರು ಬಾಕಿಗಾಗಿ ಕಾಯುವಂತಾಯಿತು. ಆಮೇಲೆ ಅಲ್ಲಿಯ ಅಧಿಕಾರಿಗಳು ಪರಿಶೀಲಿಸಿದಾಗ ಬೇರೆ ಸಂಗತಿ ಬೆಳಕಿಗೆ ಬಂತು. ಹಣದಲ್ಲಿ ಬಹುಪಾಲನ್ನು ಕಾಟನ್ನರು ಬದುಕಿದ್ದಾಗಲೇ ಮೋಸದಿಂದ ಕಳೆದಿದ್ದರು. ಕಳೆದ ಬೀಗದ ಕೈಯ ಕಥೆ, ಬರಿದಾದ ಪೆಟ್ಟಿಗೆಯನ್ನು ಮುಚ್ಚಿಡಲೂ ಉಪಯೋಗಕ್ಕೆ ಬರುತ್ತದೆ.

ಇದಕ್ಕೆ ನಮ್ಮ ಕಾನೂನು ಏನು ಹೇಳುತ್ತದೆ? 2018ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕು ಈ ವ್ಯಾಪಾರಕ್ಕೆ ಬ್ಯಾಂಕುಗಳು ಸೇವೆ ಕೊಡಬಾರದೆಂದಿತು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟು ಆ ಸುತ್ತೋಲೆಯನ್ನು ರದ್ದುಪಡಿಸಿತು. 2022ರ ಏಪ್ರಿಲ್‌ನಿಂದ ಇದರ ಲಾಭಕ್ಕೆ ಶೇಕಡಾ 30 ತೆರಿಗೆ ಬಂತು. 2023ರ ಮಾರ್ಚಿನಲ್ಲಿ ಈ ಸಂಸ್ಥೆಗಳನ್ನು ಅಕ್ರಮ ಹಣ ವರ್ಗಾವಣೆ ತಡೆ ಕಾಯಿದೆಯ ಕೆಳಗೆ ತಂದರು. 2025ರ ಅಕ್ಟೋಬರಿನಲ್ಲಿ ಮದ್ರಾಸ್ ಹೈಕೋರ್ಟು ಕ್ರಿಪ್ಟೋ ಕರೆನ್ಸಿಯೂ ಒಂದು ಬಗೆಯ ಆಸ್ತಿಯೇ ಎಂದು ಹೇಳಿತು. ಆದರೆ ತೆರಿಗೆ ಹಾಕಿದ ಮಾತ್ರಕ್ಕೆ ಸರ್ಕಾರ ಹೊಣೆ ಹೊತ್ತಿತೆಂದು ತಿಳಿಯಬಾರದು. ಬ್ಯಾಂಕು ಮುಳುಗಿದರೆ ಠೇವಣಿದಾರನಿಗೆ 5 ಲಕ್ಷ ರೂಪಾಯಿವರೆಗೆ ವಿಮೆಯ ರಕ್ಷಣೆ ಇದೆ. ಈ ನಾಣ್ಯಗಳಿಗೆ ಅದು ಇಲ್ಲ.

ಇನ್ನು ನಮ್ಮ ಮನೆಬಾಗಿಲಿಗೆ ಬರೋಣ. ಕನ್ನಡದಲ್ಲಿ ನಾವು ಬೀಗದ ಕೈ ಎನ್ನುತ್ತೇವೆ. ತೆಲುಗಿನಲ್ಲಿ ತಾಳಂ ಚೆವಿ, ಬೀಗಂ ಚೆವಿ ಎನ್ನುತ್ತೇವೆ. ಒಂದು ಭಾಷೆಗೆ ಅದು ಕೈ, ಇನ್ನೊಂದಕ್ಕೆ ಕಿವಿ. ಎರಡೂ ಭಾಷೆ ಬಲ್ಲ ನಮಗೆ ಇದರಲ್ಲೊಂದು ಎಚ್ಚರಿಕೆ ಕೇಳಿಸಬೇಕು. ನಮ್ಮಂಥವರ ಕೀಲಿಯನ್ನು ಕಳ್ಳ ಕೈಯಿಂದ ಕಿತ್ತುಕೊಳ್ಳುವುದಿಲ್ಲ, ಕಿವಿಯ ದಾರಿಯಲ್ಲಿ ಬರುತ್ತಾನೆ. ಫೋನು ಮಾಡಿ ಸವಿಮಾತಾಡುತ್ತಾನೆ. ನೀವು ಕನ್ನಡದಲ್ಲಿ ಅನುಮಾನಪಟ್ಟರೆ ತೆಲುಗಿನಲ್ಲಿ ಆಣೆ ಇಡುತ್ತಾನೆ. ನೂರು ದಿನದಲ್ಲಿ ಎರಡರಷ್ಟು ಎನ್ನುತ್ತಾನೆ. ಮೊದಲು ಸ್ವಲ್ಪ ಲಾಭ ಕೊಟ್ಟು ನಂಬಿಸುತ್ತಾನೆ. ಪರದೆಯ ಮೇಲೆ ಲಕ್ಷ ಕಾಣುತ್ತದೆ, ತೆಗೆಯಹೋದರೆ ಮೊದಲು ತೆರಿಗೆ ಕಟ್ಟಿ ಎನ್ನುತ್ತಾನೆ. ಬೆಳೆ ಮಾರಿದ ದುಡ್ಡು, ಬೆಂಗಳೂರಿನಲ್ಲಿ ದುಡಿಯುವ ಮಗ ಕಳಿಸಿದ ದುಡ್ಡು, ಮಗಳ ಮದುವೆಗೆಂದು ಇಟ್ಟ ದುಡ್ಡು ಹೋಗುವುದು ಹೀಗೆಯೇ.

ಆದ್ದರಿಂದ ಹಿರಿಯರ ಮೂರು ಪಾಠಗಳನ್ನೇ ಇಂದಿಗೆ ಹೊಂದಿಸಿಕೊಳ್ಳೋಣ. ತಿಳಿಯದ ವ್ಯಾಪಾರಕ್ಕೆ ಕೈ ಹಾಕದಿರುವುದು ಎಲ್ಲಕ್ಕಿಂತ ಮೇಲು. ಮನೆಯ ಹುಡುಗರು ಈಗಾಗಲೇ ಹಾಕಿದ್ದರೆ, ಆ 12 ಪದಗಳನ್ನು ಯಾರಿಗೂ ಹೇಳದಿರಲಿ. ನಿಜವಾದ ಯಾವ ಸಂಸ್ಥೆಯೂ ಅದನ್ನು ಕೇಳುವುದಿಲ್ಲ. ಫೋನಿನಲ್ಲಿ ಅದರ ಫೋಟೊ ಇಡದೆ ಕಾಗದದಲ್ಲಿ ಬರೆದು ಎರಡು ಕಡೆ ಇಡಲಿ. ಆ ಕಾಗದ ಎಲ್ಲಿದೆ ಎಂಬುದು ಮನೆಯಲ್ಲಿ ನಂಬಿಕೆಯ ಇನ್ನೊಬ್ಬರಿಗೆ ತಿಳಿದಿರಲಿ, ಇಲ್ಲವಾದರೆ ಅದೂ ನಿಕ್ಷೇಪವೇ. ದೊಡ್ಡ ಮೊತ್ತ ಕಳಿಸುವ ಮೊದಲು ಮನೆಯವರ ಜೊತೆ ಕೂತು ಒಂದು ರಾತ್ರಿ ಯೋಚಿಸಲಿ. ಎರಡನೆಯ ಬೀಗ ಎಂದರೆ ಅದೇ.

ಮೋಸ ಹೋದದ್ದು ತಿಳಿದ ಕೂಡಲೇ 1930 ಎಂಬ ಸಂಖ್ಯೆಗೆ ಫೋನು ಮಾಡಿ. ಆಂಧ್ರದಲ್ಲಿದ್ದರೂ ಕರ್ನಾಟಕದಲ್ಲಿದ್ದರೂ ಸಂಖ್ಯೆ ಅದೇ. ಹಣ ಬ್ಯಾಂಕಿನ ಖಾತೆಯಲ್ಲಿ ಇರುವಷ್ಟು ಹೊತ್ತು ತಡೆಯಲು ಅವಕಾಶವುಂಟು, ನಾಣ್ಯವಾಗಿ ಹೊರಟರೆ ಬಹಳ ಕಷ್ಟ. ನಮ್ಮ ಸರಹದ್ದಲ್ಲ, ಆ ರಾಜ್ಯದ ಠಾಣೆಗೆ ಹೋಗಿ ಎಂದು ಯಾರಾದರೂ ಹೇಳಿದರೆ ಹಿಂದಿರುಗಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ದಂಡ ಪ್ರಕ್ರಿಯಾ ಕಾನೂನಿನ ಪ್ರಕಾರ, ಅಪರಾಧ ಎಲ್ಲಿ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ದೂರು ದಾಖಲಿಸಬಹುದು. ಗಡಿಯಲ್ಲಿ ಬಾಳುವ ನಾವು ಈ ಒಂದು ಮಾತನ್ನು ಮರೆಯಬಾರದು. ಮೋಸ ಹೋದವರು ನಾಚಿಕೆಯಿಂದ ಬಾಯಿ ಮುಚ್ಚಿ ಕುಳಿತಷ್ಟೂ ಹೊತ್ತು ಕಳ್ಳನಿಗೇ ಅನುಕೂಲ.

1565ರ ಯುದ್ಧದ ನಂತರ ತಿರುಮಲರಾಯ ವಿಜಯನಗರದ ಸಂಪತ್ತನ್ನು ಆನೆಗಳ ಮೇಲೆ ಹೇರಿಕೊಂಡು ನಮ್ಮ ಪೆನುಕೊಂಡಕ್ಕೆ ಬಂದನೆಂದು ಚರಿತ್ರೆಕಾರರು ಬರೆದಿದ್ದಾರೆ. ಅಷ್ಟು ಸಂಪತ್ತು ಸಾಗಿಸಲು ಅಂದು ಆನೆಗಳ ಸಾಲು ಬೇಕಾಯಿತು, ದಾರಿಯುದ್ದಕ್ಕೂ ಜನ ನೋಡಿರಲೂಬೇಕು. ಇಂದು ಅಷ್ಟೇ ಸಂಪತ್ತು ಹನ್ನೆರಡು ಪದಗಳಲ್ಲಿ ಅಡಗುತ್ತದೆ, ಒಂದು ಉಸಿರಿನಲ್ಲಿ ಹೇಳಿಬಿಡಬಹುದು. ಹೇಳದಿರುವುದೇ ಕಾವಲು.